ಸೀಸನ್ ಮುಗಿದ ಮೇಲೆ ಬರುವವರಿಗೆ

ಅಕ್ಟೋಬರ್ ತಿಂಗಳ ಟೈಫೂನ್ ಮಹಾಶಯರ ಸನ್ನಿಧಿಗೆ, ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿಕಸಾಯಿಯಿಂದ ಕನ್ನಡಿಗನೊಬ್ಬನ ನಮಸ್ಕಾರಗಳು. ನಾವಿತ್ತ ಕ್ಷೇಮ. ತಾವು ಅತ್ತಲೇ ಕ್ಷೇಮವಾಗಿರಬೇಕೆಂದು ನಮ್ಮೆಲ್ಲರ ಹಾರೈಕೆ; ‘ಅತ್ತಲೇ’ ಎಂಬುದನ್ನು ದಯವಿಟ್ಟು ಗಮನಿಸಿ.

ತಾವು ಬರುವುದಕ್ಕೆ ನಮ್ಮ ತಕರಾರಿಲ್ಲ, ಬರುವ ಹೊತ್ತಿನ ಬಗ್ಗೆ ಮಾತ್ರ ಇದೆ. ಈ ದೇಶದ ರೈತರು ಪಂಚಾಂಗದ ವಸಂತಾರಂಭದಿಂದ 210 ದಿನ ಎಣಿಸಿ, ಸೆಪ್ಟೆಂಬರ್ 1ರ ಸುಮಾರಿಗೆ ತಮ್ಮವರ ದಾರಿ ಕಾಯುತ್ತಿದ್ದರು. ಹವಾಮಾನ ಇಲಾಖೆಯ ಲೆಕ್ಕದಲ್ಲೂ ವರ್ಷಕ್ಕೆ ಸರಾಸರಿ 25 ಟೈಫೂನ್ ಹುಟ್ಟಿ, ಮೂರು ಜಪಾನಿಗೆ ಅಪ್ಪಳಿಸುತ್ತವೆ. ಅಕ್ಟೋಬರ್ ಪಾಲಿಗೆ 0.3. ಇಂಥ ಅಂಕಿಯನ್ನು ನಾವು ಸೊನ್ನೆ ಎಂದೇ ಓದಿಕೊಳ್ಳುವವರು.

2019ರಲ್ಲಿ ವಿಜಯದಶಮಿ ಅಕ್ಟೋಬರ್ 8ಕ್ಕೆ ಮುಗಿದಿತ್ತು. 12ರ ಶನಿವಾರ ಸಂಜೆ ತಾವು ಹಗಿಬಿಸ್ ಎಂಬ ಹೆಸರಿನಲ್ಲಿ ಇಝು ಪರ್ಯಾಯ ದ್ವೀಪಕ್ಕೆ ಆಗಮಿಸಿದಿರಿ. ಹಕೋನೆಯಲ್ಲಿ ಒಂದೇ ದಿನ 922.5 ಮಿ.ಮೀ. ಮಳೆ, ಬೆಂಗಳೂರಿಗೆ ವರ್ಷವಿಡೀ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ನೂರರ ಆಸುಪಾಸು ಜನ ಹೋದರು. ನಾಗಾನೊದಲ್ಲಿ ಚಿಕುಮಾ ನದಿಯ ಒಡ್ಡು ಒಡೆದು, ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದ ಹತ್ತು ಬುಲೆಟ್ ರೈಲುಗಳು ಕಿಟಕಿಮಟ್ಟ ಕೆಸರು ನೀರಿನಲ್ಲಿ ಮುಳುಗಿದವು. ತಡವಾಗಿ ಬಂದವರು ತಾವು, ಶಿಕ್ಷೆ ಮಾತ್ರ ಎಂದೂ ತಡ ಮಾಡದವಕ್ಕೆ.

ತಮ್ಮ ವಾದವೂ ಗೊತ್ತು ಬಿಡಿ. ಕಡಲಿಗೆ ಬೇಸಿಗೆಯ ಕಾವು ಇನ್ನೂ ಇಳಿದಿರುವುದಿಲ್ಲ. ಬೇಸಿಗೆಯಲ್ಲಿ ತಮ್ಮನ್ನು ತಡೆಯುವ ಪೆಸಿಫಿಕ್‌ನ ಅಧಿಕ ಒತ್ತಡ ಪೂರ್ವಕ್ಕೆ ಸರಿಯುತ್ತದೆ, ಪಡುವಣ ಗಾಳಿ ದಕ್ಷಿಣಕ್ಕಿಳಿದು ತಮ್ಮನ್ನು ಎತ್ತಿಕೊಂಡು ಇತ್ತ ಓಡುತ್ತದೆ. ಕುಲದ ಹಿರಿಮೆಯೂ ಕಡಿಮೆಯದಲ್ಲ: 1979ರಲ್ಲಿ ಟಿಪ್ ಅವರು 870 ಹೆಕ್ಟೊಪಾಸ್ಕಲ್ ಒತ್ತಡಕ್ಕೆ ಇಳಿದು ವಿಶ್ವದಾಖಲೆ ಬರೆದದ್ದು ಅಕ್ಟೋಬರ್ 12ರಂದೇ. 1990ರಲ್ಲಿ ಆ ವರ್ಷದ 28ನೇ ನಂಬರಿನ ಟೈಫೂನ್ ಅವರು ನವೆಂಬರ್ 30ಕ್ಕೆ ಜಪಾನಿಗೆ ಬಂದಿಳಿದರು. 2024ರ ನವೆಂಬರಿನಲ್ಲಂತೂ ನಾಲ್ವರು ಒಟ್ಟಿಗೇ ಪಶ್ಚಿಮ ಪೆಸಿಫಿಕ್‌ನಲ್ಲಿ ಸುತ್ತುತ್ತಿದ್ದಿರಿ. ಆ ತಿಂಗಳಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ಈಗ ನಮ್ಮ ವಾರ್ಡಿನ ಸಂಗತಿ. 2019ರ ಮೇ ತಿಂಗಳಲ್ಲಿ ಆಡಳಿತ ಹೊಸ ಪ್ರವಾಹ ಮ್ಯಾಪ್ ಹಂಚಿತು. ಮುಖಪುಟದಲ್ಲೇ ದೊಡ್ಡದಾಗಿ ಬರೆದಿತ್ತು: ಇಲ್ಲಿ ಇರಕೂಡದು. ವಾರ್ಡಿನ ಶೇ 70ರಷ್ಟು ನೆಲ ಭರತದ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಡ್ಡು ಒಡೆದರೆ ಕೆಲವೆಡೆ ಹತ್ತು ಮೀಟರ್ ನೀರು, ಇಳಿಯಲು ಒಂದೆರಡು ವಾರ. ಹಾಗಾಗಿ ವಾರ್ಡ್ ಬಿಟ್ಟೇ ಹೊರಡಿ, ಎಂದು ವಾರ್ಡೇ ಹೇಳಿತು. ನಮ್ಮ ಬೆಂಗಳೂರಿನಲ್ಲಾದರೆ ರಾಜಕಾಲುವೆಯ ಮೇಲೆ ಕೂತ ಬಡಾವಣೆಗೆ ‘ಲೇಕ್ ವ್ಯೂ’ ಎಂದು ಬೋರ್ಡು ಹಾಕಿ ಕಾಸು ಕೀಳುತ್ತಾರೆ. ತಗ್ಗು ಯಾವುದೆಂದು ತಿಳಿಯಲು 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಟೆಕ್ಕಿಗಳು ನೆರೆಯಲ್ಲಿ ಟ್ರ್ಯಾಕ್ಟರ್ ಹತ್ತಬೇಕಾಯಿತು. ಇಲ್ಲಿ ಬಾಯಿಬಿಟ್ಟು ಹೇಳಿದರು. ನಾವೇನು ಮಾಡಿದೆವು? ಮ್ಯಾಪನ್ನು ಮಡಚಿ ಫ್ರಿಜ್ಜಿನ ಮೇಲಿಟ್ಟು ಬಾಡಿಗೆ ಕರಾರು ರಿನ್ಯೂ ಮಾಡಿದೆವು. ತೊಗರಿಬೇಳೆ, ಇಂಗು ಸಿಗುವ ಅಂಗಡಿ ಪಕ್ಕದಲ್ಲೇ. ತೋಝಾಯ್ ಲೈನ್ ಹತ್ತಿದರೆ ನೇರ ಓತೆಮಾಚಿಯ ಆಫೀಸು. ಸಮುದ್ರಮಟ್ಟ ಯಾರಿಗೆ ಬೇಕು?

ಐದೇ ತಿಂಗಳಿಗೆ ತಾವು ಬಂದಿರಿ. ವಾರ್ಡಿನ ಸುಮಾರು 4.3 ಲಕ್ಷ ಜನರಿಗೆ ಮನೆ ಬಿಡುವಂತೆ ಸೂಚನೆ ಬಂತು. ಆಶ್ರಯ ಕೇಂದ್ರಕ್ಕೆ ಹೋದವರು 35 ಸಾವಿರದಷ್ಟು. ಅರಕಾವಾ ನದಿ ಇವಾಬುಚಿಯಲ್ಲಿ 7.17 ಮೀಟರ್‌ವರೆಗೆ ಏರಿ, ಯಾಕೋ ಮನಸ್ಸು ಬದಲಿಸಿ ಇಳಿಯಿತು. ವಾರ್ಡ್ ಬಿಟ್ಟು ದೂರ ಹೋಗುವ ಆ ಮಹಾಯೋಜನೆ ಏನಾಯಿತು ಎಂದಿರಾ? ತಮ್ಮ ಗೌರವಾರ್ಥ ರೈಲು ಕಂಪನಿಗಳು ಮುಂಚಿತವಾಗಿಯೇ ಸಂಚಾರ ನಿಲ್ಲಿಸುವುದಾಗಿ ಸಾರಿದ್ದವು. ಇಲ್ಲಿ ಇರಕೂಡದು, ಹೊರಡಲು ರೈಲಿಲ್ಲ. ಆ ಸಲಕ್ಕೆ ಯೋಜನೆಯನ್ನೇ ಕೈಬಿಟ್ಟರು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಈ ಭಾಗದ ಐದು ವಾರ್ಡುಗಳು ಸೇರಿ ಮಾಡಿದ ಯೋಜನೆಯಂತೆ, ಜನರನ್ನು ಸಾಗಿಸಬೇಕೋ ಬೇಡವೋ ಎಂಬ ಸಮಾಲೋಚನೆ ಶುರುವಾಗಲು ತಾವು ಬರುವ 72 ಗಂಟೆ ಮೊದಲೇ ತಮ್ಮ ಮನದ ಇಂಗಿತ ತಿಳಿಯಬೇಕು. ತಾವೋ ಅಕ್ಟೋಬರಿನಲ್ಲಿ ಪಡುವಣ ಗಾಳಿಯ ಹೆಗಲೇರಿ ಓಡೋಡಿ ಬರುತ್ತೀರಿ. ದಯಮಾಡಿ ಒಕಿನಾವಾದ ಆಚೆ ಕೊಂಚ ದಣಿವಾರಿಸಿಕೊಳ್ಳಿ. ಬರುವುದೇ ಖಚಿತವಾದರೆ, ರೈಲು ಓಡುತ್ತಿರುವಾಗಲೇ ಹೇಳಿಕಳಿಸಿ.

ಇಂತಿ ತಮ್ಮ ವಿಧೇಯ,
ಎರಡನೇ ಮಹಡಿಯ ಬಾಡಿಗೆದಾರ