ಕೈಯಲ್ಲಿ ಇಷ್ಟೇ ಇದೆ, ಡಾಕ್ಟ್ರೇ

ಬೆಳಗ್ಗೆ ಕಲ್ಕತ್ತಾದ ಲೇಕ್ ಮಾರ್ಕೆಟ್ಟಿನ ಮೀನಿನ ಸಾಲಿಗೆ ಹೋಗಿ ನೋಡಿ. ಬೊಂಟಿ ಎನ್ನುವ ದೊಡ್ಡ ಈಳಿಗೆಮಣೆಯ ಮುಂದೆ ಕೂತು ರೋಹು ಮೀನು ಸೀಳುವವನ ಮಗ್ಗುಲಲ್ಲೇ ಬೆಕ್ಕುಗಳು ಕಾದು ಕೂತಿರುತ್ತವೆ. ಕಿವಿರು, ಕರುಳು ಅವುಗಳ ಪಾಲು. ಅವನು ಓಡಿಸುವುದಿಲ್ಲ, ಅವು ಕದಿಯುವುದಿಲ್ಲ. ಇಲ್ಲಿ ಮಕ್ಕಳನ್ನು ಕಾಯುವ ಷಷ್ಠಿ ದೇವಿಗೆ ಬೆಕ್ಕೇ ವಾಹನ. ಜ್ಯೇಷ್ಠ ಮಾಸದಲ್ಲಿ ಅಳಿಯನನ್ನು ಕರೆದು ಉಣ್ಣಿಸುವ ಜಮಾಯ್ ಷಷ್ಠಿಯೂ ಇದೇ ದೇವಿಯ ದಿನ. ಆ ವ್ರತದ ಕಥೆಯಲ್ಲಿ ಸೊಸೆಯೊಬ್ಬಳು ಕದ್ದು ತಿಂದು ತಪ್ಪನ್ನು ಬೆಕ್ಕಿನ ಮೇಲೆ ಹೊರಿಸುತ್ತಾಳೆ; ಆಮೇಲೆ ಅವಳ ಮಕ್ಕಳು ಒಂದೊಂದಾಗಿ ಕಾಣೆಯಾಗುತ್ತವೆ; ಅವಳು ಬೆಕ್ಕಿನ ಕ್ಷಮೆ ಕೇಳಿದ ಮೇಲೇ ಮನೆ ತುಂಬುತ್ತದೆ. ಪಕ್ಕದ ಮನೆಯ ಬೌದಿ, ಅಂದರೆ ಅತ್ತಿಗೆ, ತಾರಸಿಯ ಮೋಟುಗೋಡೆಯ ಆಚೆ ಬಟ್ಟೆ ಹರವುತ್ತ ಈ ಕಥೆ ಹೇಳಿದರು. ನಾನು ಕೇಳಿದೆ: "ಅಲ್ಲ ಬೌದಿ, ದೇವಿಯ ವಾಹನಕ್ಕೆ ಕಾಲು ಮುರಿದರೆ ಖರ್ಚು ಯಾರು ಕೊಡಬೇಕು?" ಬೌದಿ ಕ್ಲಿಪ್ಪು ಹಾಕುತ್ತಲೇ ಹೇಳಿದರು, "ಯಾರ ಕಣ್ಣಿಗೆ ಬಿತ್ತೋ ಅವರು, ದೀದಿ."

ಅವರ ಮಾತು ಸರಿ. ಆದರೆ ಬೀದಿ ಬೆಕ್ಕು ಮೊದಲು ಕಣ್ಣಿಗೆ ಬೀಳುವುದು ಯಾರಿಗೆ ಹೇಳಿ. ರಾತ್ರಿ ಕಾವಲಿನವನಿಗೆ, ಮೀನಿನವನಿಗೆ, ನಸುಕಿನಲ್ಲಿ ಕ್ಯಾನಿಂಗ್ ಲೋಕಲ್ ಹಿಡಿದು ಮನೆಗೆಲಸಕ್ಕೆ ಬರುವ ಹೆಂಗಸರಿಗೆ. ಅವರು ತಮ್ಮ ಬುತ್ತಿಯ ಅನ್ನದಲ್ಲಿ ಒಂದು ತುತ್ತು ಎತ್ತಿಡುತ್ತಾರೆ. ಅಂಥವರ ಕೈಯಲ್ಲಿ ಪಶುವೈದ್ಯರ ಬಿಲ್ಲಿಗೆ ದುಡ್ಡೆಲ್ಲಿ?

ಬೌದಿಯ ಮನೆಗೆಲಸದ ಮಾಶಿ, ಅಂದರೆ ಚಿಕ್ಕಮ್ಮ, ಒಂದು ಸಂಜೆ ಗಮಛಾ ಎಂಬ ತೆಳು ಟವೆಲಿನಲ್ಲಿ ಸುತ್ತಿಕೊಂಡು ಒಂದು ಬಿಳಿ-ಕಂದು ಬೆಕ್ಕನ್ನು ತಂದಳು. ಮೋಟಾರ್ ಸೈಕಲ್ ತಾಗಿತ್ತು. ಹಿಂಗಾಲುಗಳನ್ನು ಎಳೆಯುತ್ತಿತ್ತು. ಅವಳು ಆಗಲೇ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿಬಂದಿದ್ದಳು. ಅಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ, ಮೂಳೆಗೆ ಪ್ಲೇಟು ಎಂದು ಹೇಳಿದ ಮೊತ್ತ ಅವಳ ಹಲವು ತಿಂಗಳ ದುಡಿಮೆ. ಅವಳು "ಆಗಲಿ" ಎಂದು ತಲೆಯಾಡಿಸಿ, ಹೊರಗೆ ಬಂದು, ಬೆಕ್ಕನ್ನು ಮೆಟ್ಟಿಲ ಕೆಳಗೆ ಬಚ್ಚಿಟ್ಟು, ಕೆಲವು ದಿನ ಹಾಲೆರೆದಿದ್ದಳು. ನನಗೆ ಸಂಕಟವಾದದ್ದು ಆ ದಿನಗಳನ್ನು ನೆನೆದು. ದುಡ್ಡಿಲ್ಲದ್ದಕ್ಕಿಂತ, ದುಡ್ಡಿಲ್ಲ ಎಂದು ಬಾಯಿಬಿಟ್ಟು ಹೇಳಲಾರದ ನಾಚಿಕೆ ಆ ದಿನಗಳನ್ನು ನುಂಗಿತ್ತು. ಈ ನಾಚಿಕೆ ಮಾಶಿಯೊಬ್ಬಳದಲ್ಲ, ಬಾಡಿಗೆ ಮನೆಯ ಮಾಸ್ತರರದೂ, ಪಿಂಚಣಿಯ ಮುದುಕರದೂ. ನನಗೆ ತಿಳಿದ ಮಟ್ಟಿಗೆ ಬೆಕ್ಕುಗಳು ಉಳಿಯದೆ ಹೋಗುವುದು ಹೆಚ್ಚಾಗಿ ಈ ತಡದಿಂದಲೇ.

ಅದಕ್ಕೇ ನಾನು ಗೋಡೆಯ ಆಚೆ ಈಚೆ ಸಿಕ್ಕವರಿಗೆಲ್ಲ ಹೇಳುವುದು ಒಂದೇ: ವೈದ್ಯರು ಬೆಕ್ಕನ್ನು ಮೇಜಿನ ಮೇಲೆ ಇಡಿಸುವ ಮೊದಲೇ ಹೇಳಿಬಿಡಿ. "ಡಾಕ್ಟ್ರೇ, ನನ್ನ ಕೈಯಲ್ಲಿ ಇಷ್ಟೇ ಇದೆ. ಇಷ್ಟರಲ್ಲಿ ಮೊದಲು ಏನು ಮಾಡಬೇಕು?" ಹೀಗೆ ಕೇಳಿದರೆ ವೈದ್ಯರು ಲೆಕ್ಕವನ್ನೇ ಬೇರೆ ಮಾಡುತ್ತಾರೆ. ನೋವಿನ ಇಂಜೆಕ್ಷನ್ ಇವತ್ತೇ, ಎಕ್ಸ್‌ರೇ ಒಂದೇ ಕೋನದಿಂದ, ರಕ್ತಪರೀಕ್ಷೆ ಬೇಕೇಬೇಕಾದರೆ ಮಾತ್ರ. ಸೊಂಟದ ಮೂಳೆ ಬಿರಿದಿದ್ದರೂ ಬೆಕ್ಕು ತಾನೇ ಉಚ್ಚೆ ಹೊಯ್ಯುತ್ತಿದ್ದರೆ, ಕಾಲಲ್ಲಿ ಸ್ಪರ್ಶ ಇದ್ದರೆ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಡ. ಪಂಜರದಲ್ಲಿ ನಾಲ್ಕರಿಂದ ಆರು ವಾರದ ವಿಶ್ರಾಂತಿ ಸಾಕು. ಪುಡಿಪುಡಿಯಾದ ಕಾಲಿಗೆ ಪ್ಲೇಟು ಹಾಕಿಸುವ ಶಕ್ತಿ ಇಲ್ಲದಿದ್ದರೆ ಕಾಲು ತೆಗೆಸುವುದು ಕಡಿಮೆ ಖರ್ಚಿನದು. ಮೂರು ಕಾಲಿನ ಬೆಕ್ಕು ಓಡುತ್ತದೆ, ಹತ್ತುತ್ತದೆ. ನಮಗೇ ನೋಡಲು ಆಗುವುದಿಲ್ಲ, ಅಷ್ಟೇ.

ಹೋಗುವುದೆಲ್ಲಿಗೆ? ಉತ್ತರದ ಬೆಲ್‌ಗಾಛಿಯಾಕ್ಕೆ. 1893ರಲ್ಲಿ ಶುರುವಾದ ಬಂಗಾಳ ಪಶುವೈದ್ಯ ಕಾಲೇಜು ಇರುವುದು ಅಲ್ಲೇ. 1995ರಿಂದ ಅದು ಪಶ್ಚಿಮ ಬಂಗಾಳದ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಬೆಂಗಳೂರಿನವರಿಗೆ ಹೆಬ್ಬಾಳದ ಕಾಲೇಜು ಹೇಗೋ ಇಲ್ಲಿಯವರಿಗೆ ಅದು. ಓದುವ ಹುಡುಗರು, ಕಲಿಸುವ ಪ್ರೊಫೆಸರರು ಒಟ್ಟಿಗೇ ನೋಡುತ್ತಾರೆ. ಸಾಲು ಉದ್ದ, ಬೆಳಗ್ಗೆ ಬೇಗ ಹೋಗಬೇಕು, ಕಾಯುವ ತಾಳ್ಮೆ ಬೇಕು. ಮಾಶಿಯ ಬೆಕ್ಕನ್ನು ಅಲ್ಲಿನ ವೈದ್ಯರು ಹೊಟ್ಟೆ ಅಮುಕಿ, ಬಾಲ ಎತ್ತಿ, ಬೆರಳ ಸಂದು ಚಿವುಟಿ ನೋಡಿ, "ಪ್ಲೇಟು ಬೇಡ, ಕೂಡಿಹಾಕಿ" ಎಂದರು. ಮಾಶಿ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು.

ಇನ್ನೊಂದು ಮನೆಯೂ ಇದೆ, ಬೌಬಜಾರಿನ ಬಿ.ಬಿ. ಗಾಂಗೂಲಿ ರಸ್ತೆಯಲ್ಲಿ. ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಇಂಗ್ಲಿಷ್ ಚಿತ್ರಕಾರ 1861ರಲ್ಲಿ ಕಟ್ಟಿದ ಕಲ್ಕತ್ತಾ ಪ್ರಾಣಿದಯಾ ಸಂಘ. ನಗರದ ಬೀದಿಗಳಲ್ಲಿ ಗಾಡಿ ಎಳೆದು ಬೀಳುತ್ತಿದ್ದ ಎತ್ತು ಕುದುರೆಗಳನ್ನು ನೋಡಲಾರದೆ ಆತ ಹೊರಟದ್ದು. ನ್ಯೂಯಾರ್ಕಿನಲ್ಲಿ ಇಂಥ ಸಂಘ ಹುಟ್ಟಿದ್ದು 1866ರಲ್ಲಿ, ಅಂದರೆ ಕಲ್ಕತ್ತಾ ಐದು ವರ್ಷ ಮುಂಚೆ. ಗ್ರಾಂಟ್ 1880ರಲ್ಲಿ ತೀರಿಕೊಂಡ ಮೇಲೆ ಜನ ರೈಟರ್ಸ್ ಬಿಲ್ಡಿಂಗಿನ ಎದುರು ಅವನ ನೆನಪಿಗೆ ಒಂದು ಕಲ್ಲಿನ ಕಂಬ ನಿಲ್ಲಿಸಿದರು. ಆಫೀಸಿಗೆ ಓಡುವ ಸಾವಿರಾರು ಮಂದಿ ಅದನ್ನು ದಾಟಿ ಹೋಗುತ್ತಾರೆ. ಒಮ್ಮೆ ನಿಂತು ಆ ಹೆಸರು ಓದಿ ಎಂದು ನನಗೆ ಕೂಗಿ ಹೇಳುವ ಹಂಬಲ.

ಇನ್ನು ಮನೆಯ ಕೆಲಸ. ವೈದ್ಯರದು ಅರ್ಧ ಗಂಟೆ, ಉಳಿದ ಆರು ವಾರ ನಮ್ಮದು, ಅದಕ್ಕೆ ದುಡ್ಡು ಹೆಚ್ಚು ಬೇಡ. ಸಾಗಿಸಲು ಪ್ಲಾಸ್ಟಿಕ್ ತರಕಾರಿ ಬುಟ್ಟಿ ಎರಡು, ಒಂದರ ಬಾಯಿಗೆ ಇನ್ನೊಂದರ ಬಾಯಿ ಸೇರಿಸಿ ಹಗ್ಗ ಕಟ್ಟಿದರೆ ಆಯಿತು. ಹಿಡಿಯುವಾಗ ದಪ್ಪ ಟವೆಲನ್ನು ಮೇಲಿನಿಂದ ಹೊದಿಸಿ ತಲೆ ಮಾತ್ರ ಹೊರಗಿರುವಂತೆ ಸುತ್ತಬೇಕು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ಹಾಕಿ ನಲ್ಲಿ ನೀರಿನ ಕೆಳಗೆ ಹದಿನೈದು ನಿಮಿಷ ತೊಳೆದು ಅದೇ ದಿನ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಅದಕ್ಕೆ ಬೆಲೆಘಾಟಾದಲ್ಲಿ ಸೋಂಕು ರೋಗಗಳ ಸರ್ಕಾರಿ ಆಸ್ಪತ್ರೆ ಇದೆ. ಬೆಕ್ಕಿನ ಮೇಲಿನ ಮಮತೆಯಲ್ಲಿ ಇದನ್ನು ಮರೆಯಬಾರದು.

ಪಂಜರ ಸಿಗದಿದ್ದರೆ ಟಿವಿ ಬಂದಿದ್ದ ರಟ್ಟಿನ ಡಬ್ಬ. ಒಳಗೆ ಹಳೆ ಸೀರೆ, ಒಂದು ಮೂಲೆಯಲ್ಲಿ ಮನೆ ಕಟ್ಟುವಲ್ಲಿಂದ ತಂದ ಮರಳಿನ ತಟ್ಟೆ. ಸ್ಕೇಲು ಕಟ್ಟಿ ಕಾಲಿಗೆ ನಾವೇ ಪಟ್ಟಿ ಸುತ್ತಬಾರದು. ಬಿಗಿಯಾದರೆ ರಕ್ತ ನಿಂತು ಪಾದವೇ ಸಾಯುತ್ತದೆ. ಗಾಯಕ್ಕೆ ಔಷಧಿ ಅಂಗಡಿಯ ಸಲೈನ್ ನೀರು, ಇಲ್ಲವೇ ತೆಳು ಕೆಂಪು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಬೀಟಾಡಿನ್. ಡೆಟಾಲ್, ಫಿನಾಯಿಲ್ ಬೇಡ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮಳೆಗಾಲದಲ್ಲಿ ಗಾಯಕ್ಕೆ ಹುಳ ಬಿದ್ದರೆ ಟರ್ಪೆಂಟೈನೋ ಸೀಮೆಎಣ್ಣೆಯೋ ಸುರಿಯುವವರಿದ್ದಾರೆ, ಅದೂ ವಿಷವೇ. ಹುಳ ಕಂಡರೆ ನೇರ ವೈದ್ಯರಲ್ಲಿಗೆ.

ಎಲ್ಲಕ್ಕಿಂತ ಕೈಮುಗಿದು ಬೇಡಿಕೊಳ್ಳುವುದು ಕ್ರೋಸಿನ್, ಡೋಲೋ ಬಗ್ಗೆ. ಪಾಪ ನೋಯುತ್ತಿದೆ ಎಂದು ಪ್ಯಾರಾಸಿಟಮಾಲ್ ಅರ್ಧ ಮುರಿದು ಹಾಲಲ್ಲಿ ಕಲಸಿ ಕೊಟ್ಟವರನ್ನು ಕಂಡಿದ್ದೇನೆ. ನಮ್ಮ ಯಕೃತ್ತು ಈ ಮಾತ್ರೆಯನ್ನು ಅಪಾಯವಿಲ್ಲದಂತೆ ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲ. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ವಸಡು ಕಂದುಗಟ್ಟುತ್ತದೆ, ಮುಖ ಪಾದ ಊದುತ್ತವೆ. 500 ಮಿಲಿಗ್ರಾಂ ಮಾತ್ರೆಯ ಒಂದು ಚೂರೇ ಮೂರು ಕಿಲೋ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಹಾಗೆಯೇ. ಪ್ರೀತಿಯಿಂದಲೇ ಕೊಟ್ಟಿರುತ್ತಾರೆ, ಅದಕ್ಕೇ ನನಗೆ ಇನ್ನಷ್ಟು ಸಂಕಟ.

ಊಟಕ್ಕೆ ಅಗ್ಗದ ಸಣ್ಣ ಮೀನು, ಉಪ್ಪು ಅರಿಶಿನ ಈರುಳ್ಳಿ ಯಾವುದೂ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಸ್ವಲ್ಪ ಅನ್ನದ ಜೊತೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ. ಹಾಲು ಬೆಕ್ಕಿನ ಆಹಾರ ಎಂದು ನಾವು ಕಥೆಗಳಲ್ಲಿ ಕಲಿತದ್ದು, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಭೇದಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ಸೇರಿ ಹೊಸ ಕಾಯಿಲೆ. ಒಂದು ದಿನ ಪೂರ್ತಿ ಉಚ್ಚೆ ಹೋಗದಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ವಸಡು ಸುಣ್ಣ ಬಳಿದಂತೆ ಬಿಳುಚಿದರೆ, ಮಲಗಿದಾಗಲೂ ನಿಮಿಷಕ್ಕೆ ನಲವತ್ತು ಮೀರಿ ಉಸಿರು ಓಡಿದರೆ, ನಾಳೆಗೆಂದು ಕಾಯಬೇಡಿ.

ಹಳೆ ಕಲ್ಕತ್ತಾದ ಮನೆಗಳ ಕಾರ್ನಿಸಿನಿಂದ ಬೀಳುವ ಬೆಕ್ಕುಗಳೂ ಬಹಳ. ಮೇಲಿನಿಂದ ಬಿದ್ದಿತೆಂದು ಕೈಬಿಡಬೇಡಿ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕವನ್ನು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇಕಡ 90 ಬದುಕಿದ್ದವು.

ಬದುಕದವೂ ಇರುತ್ತವೆ. ಬೆನ್ನುಹುರಿ ತುಂಡಾಗಿ, ಸ್ಪರ್ಶವೇ ಇಲ್ಲದೆ, ಉಚ್ಚೆ ಕಟ್ಟಿ ನರಳುವ ಬೆಕ್ಕಿಗೆ ವೈದ್ಯರು ಕೊನೆಯ ಇಂಜೆಕ್ಷನ್ ಹೇಳಿದರೆ, ಅದಕ್ಕೆ ಒಪ್ಪುವುದು ಕೈಬಿಟ್ಟಂತಲ್ಲ. "ದುಡ್ಡಿದ್ದಿದ್ದರೆ ಉಳಿಯುತ್ತಿತ್ತೇ?" ಎಂದು ಅವರನ್ನೇ ಕೇಳಿ. ಎಷ್ಟೋ ಸಲ "ಇಲ್ಲ" ಎನ್ನುತ್ತಾರೆ, ಆ ಮಾತು ಬೇಕಾಗುತ್ತದೆ. "ಹೌದು" ಎನ್ನುವ ಸಲವೂ ಇದೆ. ಆಗ ಪಾಡಾ ಇದೆಯಲ್ಲ, ನಮ್ಮ ಕೇರಿ! ದುರ್ಗಾಪೂಜೆಗೆ ಮನೆಮನೆಗೂ ಹೋಗಿ ಚಾಂದಾ ಎತ್ತುವ ಕ್ಲಬ್ಬಿನ ಹುಡುಗರಿಗೆ ಒಂದು ಮಾತು ಹೇಳಿದರೆ ಬೆಕ್ಕಿನ ಕಾಲಿಗೂ ಎತ್ತಿಕೊಡುತ್ತಾರೆ. ಹತ್ತು ಮನೆಯ ನೂರು ನೂರು ರೂಪಾಯಿಗೆ ಒಂದು ಎಕ್ಸ್‌ರೇಯ ದಾರಿಯಾಗುತ್ತದೆ.

ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರು ನೂರು ವರ್ಷಕ್ಕೂ ಹಿಂದೆಯೇ ಕನ್ನಡದ ಮನೆಗಳಿಗೆ ತಂದರು. ಬಂಕಿಮರ ಕಾದಂಬರಿಗಳು ನಮಗೆ ಗೊತ್ತು. 'ಕಮಲಾಕಾಂತೇರ್ ದಪ್ತರ್' ಎಂಬ ಅವರ ಪುಸ್ತಕದಲ್ಲಿ ಬೆಕ್ಕಿನ ಮೇಲೊಂದು ಪ್ರಬಂಧವಿದೆ. ಕಮಲಾಕಾಂತನ ಪಾಲಿನ ಹಾಲು ಕುಡಿದ ಬೆಕ್ಕು ಅವನೊಂದಿಗೇ ವಾದಕ್ಕೆ ನಿಂತು, ಉಳ್ಳವನು ಕೂಡಿಟ್ಟು ಹಸಿದವನಿಗೆ ಕೊಡದೆ ಹೋದರೆ ತಪ್ಪು ಯಾರದು ಎಂದು ವಿಚಾರಣೆ ಮಾಡುತ್ತದೆ. ಬೌದಿಗೆ ಅದು ಶಾಲೆಯ ಪಾಠದ ಕಾಲದಿಂದಲೂ ನೆನಪಿದೆ. ಬೆಕ್ಕಿನ ಬಾಯಲ್ಲಿ ಬಂಕಿಮರು ಆಡಿಸಿದ ನ್ಯಾಯ ಔಷಧಿಗೂ ಸಲ್ಲುತ್ತದೆ ಎಂದು ಅವರ ವಾದ. ನಾನೂ ಒಪ್ಪುತ್ತೇನೆ. ಮಾಶಿಯಂಥವರು ತುತ್ತು ಕೊಟ್ಟು ಸಾಕುವ ಬೆಕ್ಕಿಗೆ ಆಸ್ಪತ್ರೆಯ ಚೀಟಿಯ ದುಡ್ಡಾದರೂ ನಮ್ಮಂಥವರಿಂದ ಹೋಗಬೇಕು.

ವಾಸಿಯಾದ ಬೆಕ್ಕನ್ನು ಬೀದಿಗೆ ಬಿಡುವ ಮುಂಚೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ನಾಲ್ಕೈದು ತಿಂಗಳಿಗೇ ಹೆಣ್ಣು ಬೆಕ್ಕು ಬಸಿರಾಗಬಲ್ಲದು, ಎರಡು ತಿಂಗಳಲ್ಲಿ ಮರಿ. ಹುಲೋ, ಅಂದರೆ ಗಂಡು ಬೆಕ್ಕು, ಕಾದಾಡುವುದು ತಗ್ಗಿದರೆ ಕೀವು ತುಂಬಿದ ಗಾಯಗಳೂ ತಗ್ಗುತ್ತವೆ.

ಬೌದಿ ಈಗ ತಮ್ಮ ಮೆಟ್ಟಿಲ ಗೋಡೆಗೆ ಬಂಗಾಳಿಯಲ್ಲಿ ಬರೆದು ಅಂಟಿಸಿದ್ದಾರೆ: ಪ್ಯಾರಾಸಿಟಮಾಲ್ ಕೊಡಬೇಡಿ, ಬುಟ್ಟಿ, ಟವೆಲು ಎರಡನೇ ಮಹಡಿಯಲ್ಲಿ ಸಿಗುತ್ತವೆ, ಬೆಲ್‌ಗಾಛಿಯಾಕ್ಕೆ ಬೆಳಗ್ಗೆಯೇ ಹೊರಡಿ, ದುಡ್ಡಿಲ್ಲದಿದ್ದರೆ ಗಂಟೆ ಒತ್ತಿ, ಹೊತ್ತು ನೋಡಬೇಡಿ.