ರಸ್ಸಾ ಕಾಕಾ

ಕಬ್ಬಿನ ಬಿಲ್ಲು ಖಾತೆಗೆ ಜಮಾ ಆದ ಮರುದಿನ ನಿಪ್ಪಾಣಿಯ ಯಾವುದಾದರೂ ಮಿಸಳ ಹೋಟೆಲಿಗೆ ಹೋಗಿ ನೋಡಿ, ಅವನು ಅಲ್ಲಿರುತ್ತಾನೆ. ಬಿಳಿ ಟೋಪಿ, ಹೆಗಲ ಮೇಲೆ ಟಾವೆಲ್, ಕಾಲಲ್ಲಿ ಕರ್ರ್ ಕರ್ರ್ ಎನ್ನುವ ಚಪ್ಪಲಿ. ತಿನ್ನುವುದು ಒಂದೇ ಪ್ಲೇಟು, ಕೂಗುವುದು ಮಾತ್ರ ನಿಮಿಷಕ್ಕೊಮ್ಮೆ: "ಏ ತಮ್ಮಾ, ರಸ್ಸಾ!" ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲ ಕಡೆಯೂ ಈ ತಳಿ ಹುಲುಸಾಗಿ ಬೆಳೆಯುತ್ತದೆ. ನಮ್ಮ ಪಾಲಿಗೆ ಬಂದದ್ದು ರಾಯಬಾಗ ತಾಲೂಕಿನ ಮಾಲು. ಸಂಬಂಧದಲ್ಲಿ ನನಗೆ ಕಾಕಾ.

ಕಾಕಾ ಹೋಟೆಲಿಗೆ ಹೊರಟನೆಂದರೆ ಹತ್ತಿರದ ಹೋಟೆಲ್ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕೋಡಿಯಲ್ಲಿ ಹೊಟ್ಟೆ ಚುರುಗುಟ್ಟಿದರೂ ಮತ್ತೆ ಸುಮಾರು 25 ಕಿಲೋಮೀಟರ್ ಓಡಿಸಿ ನಿಪ್ಪಾಣಿಯೇ ಆಗಬೇಕು. ದಾರಿಯುದ್ದಕ್ಕೂ ಗಡಿ ತಂಟೆಯ ತೀರ್ಪು ಬೇರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಕಾಕಾ ಅದನ್ನು ಹೀಗೆ ಬಗೆಹರಿಸಿದ್ದಾನೆ: "ಚಪ್ಪಲಿ ಅಥಣ್ಯಾಗ ನಾವು ಹೊಲದ್ವಿ, ಹೆಸರು ಅವರು ಹೊಡಕೊಂಡ್ರು. ಮಿಸಳ ಅವರು ಮಾಡಿದ್ರು, ನಾವು ತಿಂತೀವಿ. ಲೆಕ್ಕ ಚುಕ್ತಾ!" ಕಾಕಾ ಜನ್ಮದಲ್ಲಿ ಒಂದು ಹೊಲಿಗೆ ಹಾಕಿದವನಲ್ಲ. ಆ "ನಾವು" ಯಾರೆಂದು ನಾನು ಕೇಳಲು ಹೋಗಿಲ್ಲ.

ಉಳಿದ ಗುಣಗಳು ಎಲ್ಲರಿಗೂ ಗೊತ್ತಿದ್ದವೇ. ಆರ್ಡರ್ ಕನ್ನಡದಲ್ಲಿ, ತಕರಾರು ಮರಾಠಿಯಲ್ಲಿ, ವೇಟರ್ ಒಡಿಶಾದ ಹುಡುಗನಾಗಿದ್ದರೆ ಮಾತ್ರ ಹಿಂದಿಯ ಕೊಲೆ. ಬಡೇಸೋಪನ್ನು ಅಂಗಿಯ ಜೇಬಿಗೇ ಸುರಿದುಕೊಳ್ಳುವುದು. ಬಿಲ್ಲಿನ ಕೆಳಗಿನ ಐದು ಪರ್ಸೆಂಟ್ ಜಿಎಸ್‌ಟಿಯನ್ನು ಬೆರಳಿಟ್ಟು ತೋರಿಸಿ, "ಈಂವ ಯಾರು, ನಮ್ಮ ಜೋಡಿ ಉಂಡಾನೇನು?" ಎಂದು ಗಲ್ಲೆಯವನನ್ನು ಕೇಳುವುದು.

ಆದರೆ ರಸ್ಸಾದ ಸಂಗತಿಯೇ ಬೇರೆ. ಮೊಳಕೆ ಬಂದ ಮಡಕಿ ಕಾಳು, ಮೇಲೆ ಫರಸಾಣ, ಉಳ್ಳಾಗಡ್ಡಿ, ನಿಂಬೆ, ಅದರ ಮೇಲೆ ಕೆಂಪಗೆ ಎಣ್ಣೆ, ಅಂದರೆ ತರ್ರಿ, ತೇಲುವ ರಸ್ಸಾ. ಪಾವ್ ಅಲ್ಲ, ನಮಗೆ ಕೊಲ್ಹಾಪುರದ ಹಾಗೆ ಸ್ಲೈಸ್ ಬ್ರೆಡ್ಡೇ ಬೇಕು. ಬಹಳ ಕಡೆ ಬ್ರೆಡ್ಡಿಗೆ ರೊಕ್ಕ, ರಸ್ಸಾ ಪುಕ್ಕಟೆ. ಕಾಕಾನ ಇಡೀ ಜೀವನದಲ್ಲಿ ಕೇಳಿದಷ್ಟು ಸಿಗುವ ವಸ್ತು ಇದೊಂದೇ ಇರಬೇಕು.

ಒಂದು ಆದಿತ್ಯವಾರ ಗದ್ದಲವೋ ಗದ್ದಲ. ಕಾಕಾ ಎರಡು ಸಲ ಕೂಗಿದರೂ ಹುಡುಗ ಬರಲಿಲ್ಲ. ಮೂರನೆಯ ಕೂಗಿಗೆ ಕಾಕಾ ತಾಟು ಹಿಡಿದು ಎದ್ದೇಬಿಟ್ಟ. ಸೀದಾ ಅಡುಗೆಮನೆಗೆ ನುಗ್ಗಿ ಪಾತೇಲಿಯ ಮುಚ್ಚಳ ತೆಗೆದು, "ತರ್ರಿ ಎಲ್ಲಾ ಮುಂದಿನ ಟೇಬಲ್ಲಿಗೆ ಹೋಗೇತಿ, ನನಗ ಬರೇ ನೀರು ಬಂದೈತಿ!" ಎಂದು ಗುಡುಗಿದ. "ಕಾಕಾ, ಕುಂಡ್ರ್ರೀ, ಕಳಸ್ತೀನಿ," ಎಂದು ಮಾಲಕ ಬೇಡಿಕೊಂಡ. ಕಾಕಾ ಕೇಳಲಿಲ್ಲ. ಬಕೀಟು, ಸೌಟು ಹಿಡಿದು ಹೊರಬಂದು ನಮ್ಮೆಲ್ಲರಿಗೂ ಬಡಿಸಿದ. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಆಗಷ್ಟೇ ಬಂದು ಕೂತಿದ್ದವನೊಬ್ಬ ಇವನನ್ನೇ ಹೋಟೆಲಿನವನೆಂದು ತಿಳಿದು, "ಇತ್ತಾಗೂ ಸ್ವಲ್ಪ ಬರ್ಲಿ," ಎಂದ. ನಾನು ತಲೆ ತಗ್ಗಿಸಿ ಬ್ರೆಡ್ಡಿನ ತುಂಡು ಲೆಕ್ಕ ಮಾಡತೊಡಗಿದೆ. ಕಾಕಾ ಮಾತ್ರ ಹಿಗ್ಗಿಹೋದ! ನಾಲ್ಕು ಟೇಬಲ್ಲಿಗೆ ಬಡಿಸಿ, "ನಾಚಬ್ಯಾಡ್ರಿ, ಹೊಟ್ಟಿ ತುಂಬ ತಿನ್ರಿ," ಎಂದು ಉಪಚಾರ ಬೇರೆ ಮಾಡಿದ.

ನಾಲ್ಕು ನಿಮಿಷ ತಡೆಯದ ಈ ಮನುಷ್ಯ ಕಬ್ಬಿಗೆ ವರ್ಷವಿಡೀ ಕಾಯುತ್ತಾನೆ. ಆಮೇಲೆ ಕಡಿಯುವ ಗ್ಯಾಂಗಿಗೆ, ಆಮೇಲೆ ಕಾರ್ಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ. ಕಬ್ಬು ಮುಟ್ಟಿದ 14 ದಿನದೊಳಗೆ ರೊಕ್ಕ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಕಾಕಾ ತಿಂಗಳುಗಟ್ಟಲೆ ಕಾದರೂ ಆ ಬಡ್ಡಿಯ ಮುಖ ಕಂಡವನಲ್ಲ. ಅಲ್ಲಿ ಕೂಗಿದರೆ ಯಾರು ಓಡಿಬರುತ್ತಾರೆ? ನಾನಾದರೂ ಬ್ಯಾಂಕಿನ ಕೌಂಟರಿನ ಹಿಂದೆ ಕೂಡುವವನೇ. ಕಾಕಾ ಅದನ್ನೂ ಬಿಡುವುದಿಲ್ಲ: "ನಿಮ್ಮ ಬ್ಯಾಂಕಿನ್ಯಾಗಿನ ಸರ್ವರ್ ಯಾವಾಗ ನೋಡಿದರೂ ಡೌನ್. ಇಲ್ಲಿ ಸರ್ವರ್ ನೋಡು, ಹೆಂಗ ಓಡ್ಯಾಡ್ತಾನ!"

ಇನ್ನೊಂದನ್ನು ಕಾಕಾ ಗಮನಿಸಿದ್ದಾನೋ ಇಲ್ಲವೋ. ಅವನ ಟ್ರ್ಯಾಕ್ಟರ್ ಹೊಡೆಯುವ ಹುಡುಗನೇ ಅಂದು ನಮ್ಮ ಜೀಪಿಗೂ ಡ್ರೈವರ್. ಊರಲ್ಲಿ ಆ ಹುಡುಗನ ಚಹಾದ ಕಪ್ಪು ಕಾಕಾನ ಅಂಗಳದ ಗೂಡಿನಲ್ಲಿರುತ್ತದೆ. ಕುಡಿದು, ತೊಳೆದು, ಅಲ್ಲೇ ಇಡುತ್ತಾನೆ. ಹೋಟೆಲಿನಲ್ಲಿ ಕಾಕಾನ ಎದುರಿನ ಬೆಂಚು ಅವನದು, ಇಬ್ಬರಿಗೂ ಅದೇ ಬಕೀಟಿನ ರಸ್ಸಾ. 1925ರಲ್ಲಿ ಅಂಬೇಡ್ಕರ್ ಬಹಿಷ್ಕೃತರ ಪರಿಷತ್ತಿಗೆಂದು ಬಂದದ್ದು ಇದೇ ನಿಪ್ಪಾಣಿಗೆ. ಮುಂದೆ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಹೆಸರನ್ನೇ ಹಿಡಿದು ಎಲ್ಲರಿಗೂ ಅವುಗಳ ಬಾಗಿಲು ತೆರೆಯಿತು. ಅಂಗಳದ ಗೂಡಿನ ತನಕ ಅದರ ಕೈ ಇನ್ನೂ ಮುಟ್ಟಿಲ್ಲ. ಅಂದು ಕಾಕಾ ಸೌಟಿನಲ್ಲಿ ಮೊದಲು ಬಡಿಸಿದ್ದು ಆ ಹುಡುಗನಿಗೇ. ಅವನೋ ತನ್ನ ಮಾಲಕನ ಕೈಯಿಂದ ಹಾಕಿಸಿಕೊಳ್ಳುವುದೆಂದರೆ ಹೇಗೆಂದು ಅರ್ಧ ಎದ್ದು ನಿಂತಿದ್ದ. "ಕುಂಡ್ರಲೇ, ಇದು ಹೋಟೆಲ್!" ಎಂದ ಕಾಕಾ.

ತಿರುಗಿ ಬರುವಾಗ ಎಂದಿನ ಪಾಠ ಶುರುವಾಯಿತು. ಉಪ್ಪು ಕಡಿಮೆ, ಎಣ್ಣೆ ಜಾಸ್ತಿ, "ನಮ್ಮ ಮನೀ ಝುಣಕದ ಮುಂದ ಇದೇನಲೇ!" ಹಿಂದಿನ ಸೀಟಿನಲ್ಲಿದ್ದ ಕಾಕು ತಣ್ಣಗೆ, "ಹಂಗಾರ ರಾತ್ರಿಗಿ ಝುಣಕಾ ಮಾಡ್ಲಿ?" ಎಂದಳು.

ಕಾಕಾ ಸ್ವಲ್ಪ ಹೊತ್ತು ಕಿಟಕಿಯಾಚೆಯ ಕಬ್ಬು ನೋಡಿದ.

"ನೀ ಯಾಕ ದಣೀತಿ? ಚಿಕ್ಕೋಡಿ ಸ್ಟ್ಯಾಂಡ್ ಹತ್ರ ಈಗ ಭಜಿ ಬಿಸಿ ಇರ್ತಾವ."