ಸೀರೆ ಮಗ್ಗದ ಮೇಲಿದೆ

ದೊಡ್ಡಬಳ್ಳಾಪುರದಲ್ಲಿ ನಿದ್ದೆ ಕೆಡುವುದು ಸದ್ದಾದರೆ ಅಲ್ಲ, ಸದ್ದು ನಿಂತರೆ. ವಿದ್ಯುತ್ ಮಗ್ಗಗಳು ಗಪ್ಪಾದವೆಂದರೆ ಕರೆಂಟು ಹೋಯಿತೆಂದು ಅರ್ಥ; ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ಆ ಸದ್ದಿನಲ್ಲೇ ತಲೆ ನರೆಸಿಕೊಂಡ ನಮ್ಮಪ್ಪ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ಸೀರೆ ಮಗ್ಗದ ಮೇಲಿದೆ.” ರೇಷ್ಮೆ ಇನ್ನೂ ಬಣ್ಣದವನ ಹಂಡೆಯಲ್ಲಿ ಕುದಿಯುತ್ತಿದ್ದರೂ ಸೀರೆ ಮಗ್ಗದ ಮೇಲಿದೆ. ಜರಿ ಸೂರತ್ತಿನಿಂದ ಹೊರಟೇ ಇರದಿದ್ದರೂ ಸೀರೆ ಮಗ್ಗದ ಮೇಲಿದೆ. ದರ್ಜಿಗೆ ಯಾವಾಗಲೂ “ಕಾಜಾ ಗುಂಡಿ ಒಂದೇ ಬಾಕಿ” ಇರುವುದಿಲ್ಲವೇ, ಹಾಗೆ. ಗಿರಾಕಿ ಅದನ್ನು ನಂಬುತ್ತಿರಲಿಲ್ಲ. ಆದರೂ ಕಾಫಿ ಕುಡಿದು, ಮಗಳ ಮದುವೆಯ ಖರ್ಚಿನ ಕಥೆ ಹೇಳಿ, ಸಮಾಧಾನವಾಗಿ ಹೋಗಿ, ಮುಂದಿನ ವಾರ ಅದೇ ಮಾತು ಕೇಳಲು ಮತ್ತೆ ಬರುತ್ತಿದ್ದ.

ಈ ವ್ಯಾಪಾರವನ್ನು ಅಕ್ಕನ ಮಗ ಆನ್‌ಲೈನ್ ಮಾಡಿದ. “ಇನ್ಮೇಲೆ ನೀವು ಯಾರಿಗೂ ಏನೂ ಹೇಳ್ಬೇಕಾಗಿಲ್ಲ ತಾತ. ಆರ್ಡರ್ ಬಿದ್ದ ತಕ್ಷಣ ಗಿರಾಕಿಗೆ ಅದೇ ಮೇಲ್ ಕಳಿಸುತ್ತೆ. ದುಡ್ಡು ಬಂದ್ರೆ ಒಂದು, ಬರದಿದ್ರೆ ಒಂದು, ಸೀರೆ ಹೊರಟ್ರೆ ಇನ್ನೊಂದು.”

“ಕಾಫಿ?” ಎಂದರು ಅಪ್ಪ.

ಹುಡುಗ ಉತ್ತರ ಕೊಡಲಿಲ್ಲ. ಬದಲಿಗೆ ನನ್ನ ಹೆಸರಲ್ಲಿ ಒಂದು ಸುಳ್ಳು ಆರ್ಡರ್ ಹಾಕಿ ಪರೀಕ್ಷೆ ಮಾಡಿದ. 1971ರಲ್ಲಿ ಮೊದಲ ಇ-ಮೇಲ್ ಕಳಿಸಿದ ರೇ ಟಾಮ್ಲಿನ್ಸನ್ ಅವರಿಗೆ, ಅದೂ ಪರೀಕ್ಷೆಯದೇ ಆದ್ದರಿಂದ, ಅದರಲ್ಲಿ ಏನು ಬರೆದಿದ್ದೆನೆಂಬುದೇ ಆಮೇಲೆ ನೆನಪಿರಲಿಲ್ಲ. ಪುಣ್ಯವಂತರು. ನನಗೆ ಬಂದ ಪರೀಕ್ಷೆಯ ಮೇಲ್ ನನ್ನ ಹೆಂಡತಿಗೆ ಇವತ್ತಿಗೂ ಅಕ್ಷರಕ್ಷರ ನೆನಪಿದೆ. ಹದಿನೆಂಟು ಸಾವಿರದ ಆ ಮಾವಿನಕಾಯಿ ಬಣ್ಣದ ಸೀರೆ ಯಾರಿಗೆ ಹೋಯಿತೆಂಬ ವಿಚಾರಣೆ ಮುಗಿದಿಲ್ಲ.

ಅಂಗಡಿ ತೆರೆದ ಮೇಲೆ ಮೊದಲ ತೊಡಕು ಹೆಸರಿನದು. ತಂತ್ರಾಂಶ ಬರೆದವರ ಊರಲ್ಲಿ ಮನುಷ್ಯರಿಗೆ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡಿರುತ್ತವೆ. ನಮ್ಮ ಕಡೆ ಇರುವುದು ಒಂದೇ. ಅದರ ಹಿಂದೆಯೋ ಮುಂದೆಯೋ ಅಪ್ಪನದೋ ಊರಿನದೋ ಇನಿಷಿಯಲ್ಲು. ಎರಡು ಖಾನೆ ಕಂಡವರು ಇದ್ದದ್ದನ್ನೇ ಎರಡು ಪಾಲು ಮಾಡಿ ತುಂಬಿದರು. ಮೇಲ್ ಹೊರಟಿತು: “ಹಾಯ್ ಕೆ.” ಇನ್ನೊಬ್ಬರಿಗೆ, “ಹಾಯ್ ಟಿ.ಎನ್.” ಊರಿನ ಹೆಸರನ್ನೇ ಮುಂದಿಟ್ಟುಕೊಂಡಿದ್ದ ಒಬ್ಬರಿಗೆ “ಹಾಯ್ ತೂಬಗೆರೆ” ಎಂದು ಹೋಗಿ, ಇಡೀ ಹೋಬಳಿಗೇ ನಮಸ್ಕಾರ ಸಂದಿತು.

ಇದನ್ನು ಸರಿಮಾಡಲು ಹೋದ ಹುಡುಗ ಎಲ್ಲೋ ಒಂದು ಆವರಣ ಚಿಹ್ನೆ ನುಂಗಿದ. ಅವತ್ತು ಆರ್ಡರ್ ಕೊಟ್ಟವರೆಲ್ಲರಿಗೂ “ಹಾಯ್ ಗಿರಾಕಿ_ಹೆಸರು” ಎಂದೇ ಹೋಯಿತು. ಅವನು ತಲೆ ಕೆರೆದುಕೊಳ್ಳುತ್ತಿದ್ದರೆ ಅಪ್ಪ ದೂರದಿಂದಲೇ ರೋಗ ಹಿಡಿದರು: “ಕಾರ್ಡಲ್ಲಿ ತೂತು ತಪ್ಪಿದೆ ಕಣೋ.” ಮಗ್ಗದ ನೆತ್ತಿಯ ಮೇಲೆ ತೂತಿನ ರಟ್ಟುಗಳ ಮಾಲೆ ತಿರುಗುತ್ತದಲ್ಲ, ಆ ಜಕಾರ್ಡಿನ ಲೆಕ್ಕದಲ್ಲಿ ಹೇಳಿದ್ದು. ಒಂದು ತೂತು ತಪ್ಪಿದರೆ ಸೆರಗಿನ ನವಿಲುಗಳಿಗೆಲ್ಲ ಕೊಕ್ಕೇ ಇರುವುದಿಲ್ಲ. ಹುಡುಗ ನಕ್ಕ; ನಗಬಾರದಿತ್ತು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಗ್ಗಕ್ಕೆ ಜೋಡಿಸಿದ ಆ ರಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ರಟ್ಟು ಹಾಕಲು ಹೊರಟದ್ದು. ವಂಶಾವಳಿ ನೋಡಿದರೆ ಅವನ ಲ್ಯಾಪ್‌ಟಾಪಿಗೆ ನಮ್ಮ ಮಗ್ಗ ದೊಡ್ಡಪ್ಪನಾಗಬೇಕು.

ನಿಜವಾದ ಅನಾಹುತ ಆದದ್ದು ಕನ್ನಡದಿಂದ. ಮೇಲ್ ಎಲ್ಲ ಇಂಗ್ಲಿಷಿನಲ್ಲಿ ಹೋಗುತ್ತಿದೆ, ನಮ್ಮ ಗಿರಾಕಿಗಳಿಗೆ ಕನ್ನಡದಲ್ಲೇ ಹೋಗಲಿ ಎಂದು ಪಟ್ಟು ಹಿಡಿದವನು ನಾನು. ಹುಡುಗ ಯಂತ್ರಕ್ಕೇ ಅನುವಾದ ಒಪ್ಪಿಸಿದ. ‘ಪ್ರೋಸೆಸಿಂಗ್’ ಎಂಬಲ್ಲಿ ಅದು ‘ಸಂಸ್ಕರಣೆ’ ಎಂದಿತು. ಮೂರನೆಯ ದಿನ ಧಾರವಾಡದಿಂದ ಫೋನು.

“ಏನ್ರೀ, ನಮ್ಮ ಸೀರೀಗೆ ಸಂಸ್ಕಾರ ಮಾಡಾಕತ್ತೀವಿ ಅಂತ ಬರದೀರಲ್ಲ? ಮದುವಿ ಸೀರಿ ರೀ ಅದು!”

ಸಂಸ್ಕಾರ ಬೇರೆ, ಸಂಸ್ಕರಣೆ ಬೇರೆ ಎಂದು ವಿವರಿಸಲು ಹೋಗಿ ಬೈಸಿಕೊಂಡೆ. ಅಷ್ಟರಲ್ಲಿ ಹುಡುಗ ಸೀರೆ ಕಳಿಸಿ ಗುಂಡಿ ಒತ್ತಿದ್ದ. ಅವರಿಗೆ ಎರಡನೆಯ ಮೇಲ್ ಹೋಗಿಯಾಗಿತ್ತು: “ನಿಮ್ಮದು ಮುಗಿಯಿತು.”

ಮೇಲ್ ತಲುಪಿದರೆ ಈ ಗತಿ, ತಲುಪದಿದ್ದರೆ ಇನ್ನೊಂದು. ಹೊಸಕೋಟೆಯ ಒಬ್ಬರು ಸೀರೆ ಉಟ್ಟು, ಡ್ರೈ ವಾಷಿಗೂ ಕೊಟ್ಟು ತಂದ ಮೇಲೆ ಸ್ಪ್ಯಾಮ್ ಪೆಟ್ಟಿಗೆ ತೆರೆದು, ಇನ್ನೊಂದು ಸೀರೆ ಬರುತ್ತದೆಂದು ಕಾಯುತ್ತಿದ್ದರು.

ಅಪ್ಪ ಇದನ್ನೆಲ್ಲ ಸಹಿಸಿಕೊಂಡರು. ಸಹಿಸದೆ ಹೋದದ್ದು ಪ್ರತಿ ಮೇಲಿನ ಬುಡದಲ್ಲಿದ್ದ ಸಾಲನ್ನು: “ದಯವಿಟ್ಟು ಈ ಮೇಲ್‌ಗೆ ಉತ್ತರಿಸಬೇಡಿ.” ಅವತ್ತು ಮಧ್ಯಾಹ್ನ ಊಟ ಬಿಟ್ಟರು. “ದುಡ್ಡು ಕೊಟ್ಟವರಿಗೆ ಬಾಯಿ ಮುಚ್ಕೊಂಡಿರಿ ಅಂತೀಯೇನೋ? ಅಂಗಡಿ ಬಾಗಿಲಲ್ಲಿ ಯಾರಾದ್ರೂ ಇಂಥ ಬೋರ್ಡ್ ಹಾಕ್ತಾರಾ?”

ಆ ಸಾಲು ತೆಗೆದೆವು. ಅದರ ಜಾಗದಲ್ಲಿ ಅಪ್ಪನ ಫೋನ್ ನಂಬರ್ ಬಂತು. ಈಗ ಗಿರಾಕಿಗಳು ಫೋನ್ ಮಾಡಿ ಮೊದಲು ಮಳೆಯ ವಿಚಾರ, ಆಮೇಲೆ ಮಗಳ ಮದುವೆಯ ವಿಚಾರ, ಕೊನೆಗೆ ಸೀರೆಯ ವಿಚಾರ ಕೇಳುತ್ತಾರೆ. ಸಂಸ್ಕರಣೆಯೂ ಹೋಯಿತು. ದುಡ್ಡು ಕಟ್ಟಿದ ಕ್ಷಣಕ್ಕೆ ಹೋಗುವ ಮೇಲ್‌ನಲ್ಲಿ ಇರುವುದು ಒಂದೇ ವಾಕ್ಯ: “ಸೀರೆ ಮಗ್ಗದ ಮೇಲಿದೆ.” ಸೀರೆ ನೇಯ್ದು ಮುಗಿದು ಬೀರುವಿನಲ್ಲಿ ಮಡಚಿ ಕೂತಿದ್ದರೂ ಹೀಗೇ ಹೋಗುತ್ತದೆ. ಇದು ಸುಳ್ಳಲ್ಲವೇ ಎಂದರೆ ಅಪ್ಪ, “ನಾನು ಹೇಳ್ತಿದ್ದಾಗ ನಿಜವಾಗಿತ್ತಾ?” ಎನ್ನುತ್ತಾರೆ.

ನೀವು ಆರ್ಡರ್ ಕೊಡುವುದಾದರೆ ಧಾರಾಳವಾಗಿ ಕೊಡಿ. ಹೆಸರಿನ ಮೊದಲ ಖಾನೆಯಲ್ಲಿ ಮಾತ್ರ ದಯವಿಟ್ಟು ಇನಿಷಿಯಲ್ ಬರೆಯಬೇಡಿ. ಆ ತೂತನ್ನು ಹುಡುಗ ಇನ್ನೂ ಮುಚ್ಚಿಲ್ಲ.